ಒಣಹುಲ್ಲಿನ ಬಣ್ಣ

ಸೆಪ್ಟೆಂಬರ್ ೧೨, ಗುರುವಾರ

ಇದು ಲ್ಯಾಬಿನ ಹಳೆಯ ರಿಜಿಸ್ಟರು. ಮೊದಲ ಆರು ಪುಟಗಳಲ್ಲಿ ಯಾವುದೋ ಕಾಲದ ಸೊಳ್ಳೆಗಳ ಪಟ್ಟಿ ಇದೆ, ಉಳಿದದ್ದೆಲ್ಲ ಖಾಲಿ. ಬರೆಯಬೇಕೆಂಬ ಆಸೆ ನನಗೇನೂ ಇರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ನಮ್ಮನೆಯವರು, ಯಾಕೂಬಾ, ತೋ ಮುದ್ದೆ ಮುರಿಯುವುದನ್ನು ಬಿಟ್ಟು ಕೈ ಮುಗಿದರು. "ನ್ಯೇಲೆ, ಲ್ಯಾಬಿನವರನ್ನ ಬಯ್ಯಬೇಡ ಅಂತ ನಾನು ಹೇಳಲ್ಲ. ಅರ್ಧ ಎಲ್ಲಾದ್ರೂ ಬರೆದಿಡು, ಇನ್ನರ್ಧ ನಾನು ಕೇಳ್ತೀನಿ. ಮದುವೆಯಾಗಿ ಮೂವತ್ತೆರಡು ವರ್ಷ ಆಯ್ತು, ಕಿವಿಗೂ ವಯಸ್ಸಾಗುತ್ತೆ ಕಣೇ." ನನ್ನ ನಿವೃತ್ತಿಗೆ ಇನ್ನು ಮೂರೂವರೆ ತಿಂಗಳಿದೆ. ಅಲ್ಲಿಯವರೆಗೆ ಅವರ ಕಿವಿಗೆ ಅರ್ಧ ರಜೆ ಕೊಟ್ಟೆ.

ಇವತ್ತು ಬಮಾಕೋದ ಲ್ಯಾಬಿನಿಂದ ಸಿರಾಬುಗು ಹಳ್ಳಿಗೆ ಹೋಗಿ ಬಂದೆ. ಈ ಮಳೆಗಾಲದಲ್ಲಿ ಮೈಯಲ್ಲಿ ಮಲೇರಿಯಾ ರೋಗಾಣು ಕಂಡ ಮಕ್ಕಳ ರಕ್ತ ತರುವ ಕೆಲಸ, ಜ್ವರ ಬಂದವರದೂ ಬರದವರದೂ. ಮೂರು ಊರುಗಳಲ್ಲಿ ಇದೇ ಕೊನೆಯದು. ಬುರಾಮಾ ದಿಯಾರಾ ಜೊತೆಗೆ ಬರಬೇಕಿತ್ತು. ಡಕಾರಿನಲ್ಲಿ ಓದಿ ಬಂದ ನಮ್ಮ ಹೊಸ ವಿಜ್ಞಾನಿ, ಈ ಕೆಲಸವೆಲ್ಲ ಅವನದೇ. ಕಡೇ ಗಳಿಗೆಯಲ್ಲಿ ಅವನಿಗೆ ಮೀಟಿಂಗು ಬಂತು. ಒಳ್ಳೆಯದೇ ಆಯಿತು. ಮೂವತ್ತೆಂಟು ಮಕ್ಕಳ ತೋಳಿಗೆ ನಾನೊಬ್ಬಳೇ ಸೂಜಿ ಹಾಕಿದೆ, ಒಂದು ಮಗುವಿಗೂ ಎರಡನೇ ಸಲ ಚುಚ್ಚಲಿಲ್ಲ. ಅವನಿದ್ದಿದ್ದರೆ ಮಾತಾಡಿಸಿ ನನ್ನ ಕೈ ಅಲುಗಿಸುತ್ತಿದ್ದ.

ಊರಿನ ಹೆಂಗಸರಿಗೆಲ್ಲ ಮುಂದಾಳು ಸಾರಾನ್ ದಿಯಾರಾ. ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ನಾಲಿಗೆ. ಗಾಡಿ ಇಳಿಯುವ ಮೊದಲೇ ಶುರುವಾಯಿತು.

"ಬಂದ್ಯಾ ನಮ್ಮನೆ ಆಳೇ? ಅಲಸಂದೆ ತಿಂದೂ ತಿಂದೂ ಹೊಟ್ಟೆ ನಗಾರಿ ಆಗಿದೆ. ನೀನು ಬರೋ ಸದ್ದು ಹೊಳೆ ಆಚೆಗೇ ಕೇಳಿಸ್ತು."

"ಅಲಸಂದೆ ಬೆಳೆಯೋರು ದಿಯಾರಾಗಳು, ತಿನ್ನೋರು ದಿಯಾರಾಗಳು. ಸದ್ದು ಮಾತ್ರ ನಮ್ದಾ?"

ಹೊರಡುವಾಗ ನನ್ನ ತೋಳುದ್ದದ ಒಂದು ಕಪಿತಾನ್ ಮೀನು ತಂದು ಮಡಿಲಿಗೆ ಹಾಕಿದಳು. ನಾನು ತ್ರಾವೊರೆ, ಅವಳು ದಿಯಾರಾ. ಅಜ್ಜಂದಿರ ಕಾಲದಿಂದ ನಮ್ಮ ಎರಡು ಮನೆತನಗಳಿಗೆ ಗೇಲಿಯ ನಂಟು, ಒಬ್ಬರನ್ನೊಬ್ಬರು ಆಳು, ಅಲಸಂದೆ ತಿನ್ನೋರು ಎಂದು ಹಂಗಿಸುವುದೇ ವಾಡಿಕೆ. ಬಯ್ದರೆ ಸಿಟ್ಟಾಗುವಂತಿಲ್ಲ, ಕೇಳಿದರೆ ಇಲ್ಲವೆನ್ನುವಂತಿಲ್ಲ, ಕೊಟ್ಟರೆ ಬೇಡವೆನ್ನುವಂತಿಲ್ಲ. ಹಾಗೇ ತಂದಿದ್ದರೆ ಆ ಬಿಸಿಲಿಗೆ ಮೀನು ಬಮಾಕೋ ಮುಟ್ಟುವಷ್ಟರಲ್ಲಿ ನಾರುತ್ತಿತ್ತು. ಐಸಿಗೂ ಟ್ಯೂಬುಗಳಿಗೂ ನಡುವೆ ಇಡುವ ರಟ್ಟುಗಳನ್ನು ತೆಗೆದೆ, ರಕ್ತದ ಮಾದರಿ ಪೆಟ್ಟಿಗೆಯಲ್ಲಿ ಅದಕ್ಕೆ ಸರಿಯಾಗಿ ಜಾಗವಾಯಿತು. ಮಾದರಿ ಪೆಟ್ಟಿಗೆಯಲ್ಲಿ ತಿನ್ನುವ ವಸ್ತು ಇಡಬಾರದೆಂದು ಲ್ಯಾಬಿನ ಗೋಡೆಗೆ ಬರೆದು ಅಂಟಿಸಿದವಳು ನಾನೇ. ಅದು ಹೊಸಬರಿಗೆ. ಎರಡು ಗಂಟೆಯ ದಾರಿಯಲ್ಲಿ ಏನಾಗಿಬಿಡುತ್ತದೆ?

ಬಂದವಳೇ ಟ್ಯೂಬುಗಳನ್ನು ಯಂತ್ರದಲ್ಲಿ ತಿರುಗಿಸಿದೆ. ಕೆಂಪೆಲ್ಲ ತಳಕ್ಕೆ ಇಳಿದು ಮೇಲೆ ತಿಳಿ ನಿಂತಿತು. ಆ ತಿಳಿ, ಅಂದರೆ ಪ್ಲಾಸ್ಮಾ, ಒಣಹುಲ್ಲಿನ ಬಣ್ಣಕ್ಕಿರಬೇಕು. ಕೆಲವು ಟ್ಯೂಬು ಪುಂಡಿ ಹೂವಿನ ಶರಬತ್ತಿಗೆ ನೀರು ಬೆರೆಸಿದ ಹಾಗೆ ಚೂರು ಗುಲಾಬಿ ಕಂಡವು. ಮಲೇರಿಯಾ ಮಕ್ಕಳ ರಕ್ತವೇ ಹಾಗೆ. ಬಣ್ಣದ ಕಾಲಮ್ಮಿನಲ್ಲಿ ಮೇಲೆ 'ಒಣಹುಲ್ಲು' ಎಂದು ಬರೆದು ಕೆಳಗಿನ ಮೂವತ್ತೇಳಕ್ಕೂ 'ಅದೇ, ಅದೇ' ಎಂದು ಗೀಟು ಹಾಕಿದೆ.

ದೇವರೇ, ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಮಾದರಿಯನ್ನೂ ಕೆಡಿಸದ ಕೈ ಕೊಟ್ಟಿದ್ದೀಯ. ಎಲ್ಲರಿಗೂ ಕೊಟ್ಟಿಲ್ಲ. ಕೃತಜ್ಞಳು. ಮೀನೂ ಬಹಳ ರುಚಿಯಾಗಿತ್ತು.

ಸೆಪ್ಟೆಂಬರ್ ೩೦, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬಯ್ಯುವಂಥದ್ದು ನಡೆಯಲಿಲ್ಲವೆಂದಲ್ಲ, ನೇರವಾಗಿಯೇ ಬಯ್ದೆ. ಇವತ್ತು ನನ್ನ ಕೈಕೆಳಗಿನ ಹುಡುಗಿ ಮಿನಾತಾ ಖಾಲಿ ಟ್ಯೂಬುಗಳ ಸ್ಟ್ಯಾಂಡು ಬೀಳಿಸಿದಳು. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು, ಇನ್ನೂ ನಡುಗುತ್ತಾಳೆ. "ಅದು ಕೈಯಾ, ಸೌಟಾ?" ಎಂದೆ. ಅತ್ತಳು. ಅಳುವವರಿಗೆ ಲ್ಯಾಬು ಜಾಗವಲ್ಲ.

ಚಹಾದ ಹೊತ್ತಿಗೆ ಬುರಾಮಾನನ್ನು ಕೇಳಿದೆ. "ಅಲ್ಲಯ್ಯಾ, ಮೂರು ಊರಿನ ಮಕ್ಕಳ ರಕ್ತ ತಂದು ಸುರಿದಿದ್ದೀನಿ. ಅದರಲ್ಲಿ ನೀನು ಹುಡುಕ್ತಿರೋದು ಏನು?"

"ಜ್ವರ ಬಂದಾಗ ಮೈಯೊಳಗಿನ ಕಾವಲು ಕಣಗಳಿಗೆ ಅಪ್ಪಣೆ ಹೋಗುತ್ತೆ ಅತ್ತೆ. ಹೊಡಿ, ಸುಡು, ಇನ್ನಷ್ಟು ಜನ ಕಳಿಸು ಅಂತ. ಅದು ಬೇಕೇ ಬೇಕು. ಆದ್ರೆ ಯಾರೂ ಸಾಕು ಅನ್ನದೇ ಹೋದ್ರೆ? ಎಷ್ಟೋ ಮಕ್ಕಳನ್ನ ನೆಲಕ್ಕೆ ಕೆಡವೋದು ರೋಗಾಣು ಒಂದೇ ಅಲ್ಲ, ನಮ್ಮದೇ ಕಾವಲುಗಾರರ ರಂಪ."

"ಸಾಕು ಅನ್ನೋರು ಯಾರು?"

"ಚಿಕ್ಕ ಆರ್‌ಎನ್‌ಎಗಳು. ಇಪ್ಪತ್ತೆರಡು ಅಕ್ಷರ ಉದ್ದ, ಅಷ್ಟೇ. ತಾವಾಗಿ ಏನೂ ಕಟ್ಟಲ್ಲ. ಹೋಗಿ ಅಪ್ಪಣೆ ಕಾಗದಕ್ಕೆ ಅಂಟಿಕೊಂಡು ಕೂತುಬಿಡ್ತವೆ. ಅಪ್ಪಣೆ ಅಲ್ಲಿಗೇ ನಿಲ್ಲುತ್ತೆ."

"ಏನೂ ಕಟ್ಟಲ್ಲ, ಬೇರೆಯವರ ಕಾಗದದ ಮೇಲೆ ಕೂತಿರ್ತವೆ. ನಮ್ಮ ಆಫೀಸಿನ ಗುಮಾಸ್ತರ ಥರ."

ಅವನು ನಕ್ಕು ಚಹಾ ಚೆಲ್ಲಿಕೊಂಡ. ಕೆಲವು ಮಕ್ಕಳ ಮೈಯಲ್ಲಿ ರೋಗಾಣು ಇದ್ದರೂ ಜ್ವರ ಬರುವುದಿಲ್ಲವಂತೆ. ಅವರಲ್ಲಿ ಈ 'ಸಾಕು' ಅನ್ನುವವು ಹೆಚ್ಚಿರಬಹುದೇ ಎಂಬುದು ಅವನ ಪ್ರಶ್ನೆ. ಇದ್ದರೆ ಮುಂದೆ ಮಕ್ಕಳನ್ನು ಉಳಿಸುವ ದಾರಿ ಅದರಲ್ಲೇ ಸಿಗಬಹುದು. ನವೆಂಬರ್ ಕೊನೆಗೆ ಹಣ ಕೊಡುವ ಪಾಲುದಾರರಿಗೆ ವರದಿ ಕೊಡಬೇಕು, ಅದರ ಮೇಲೆ ಅವನ ಮುಂದಿನ ಮೂರು ವರ್ಷದ ಕೆಲಸ ನಿಂತಿದೆ.

ದೇವರೇ, ಕಣ್ಣಿಗೆ ಕಾಣದ್ದನ್ನು ಹುಡುಕುವ ಪಾಡು ನನಗೆ ಕೊಡಲಿಲ್ಲ. ಕಾಣುವುದನ್ನು ಸರಿಯಾಗಿ ನೋಡುವ ಕೆಲಸ ಕೊಟ್ಟೆ. ಅದಕ್ಕೆ ಕೃತಜ್ಞಳು.

ಅಕ್ಟೋಬರ್ ೮, ಮಂಗಳವಾರ

ಬುರಾಮಾ ಇವತ್ತು ಲ್ಯಾಬಿನಲ್ಲಿ ಕುಣಿದ! ಸಿರಾಬುಗುವಿನ ಮಕ್ಕಳಲ್ಲಿ ಅವನ ಚಿಕ್ಕ ಆರ್‌ಎನ್‌ಎ ಉಳಿದೆರಡು ಊರಿಗಿಂತ ಹತ್ತು ಪಟ್ಟು ಇದೆಯಂತೆ. ಎಲ್ಲರಿಗೂ ಸುಟ್ಟ ಮಾಂಸ ತರಿಸಿದ. ನಿರ್ದೇಶಕರೂ ಬಂದು ಕೈ ಕುಲುಕಿದರು.

"ರಕ್ತ ಸರಿಯಾಗಿ ಬಂದಿತ್ತಾ?" ಎಂದು ಅವರು ಕೇಳಿದ್ದಕ್ಕೆ ಬುರಾಮಾ ರಿಜಿಸ್ಟರು ಬಿಡಿಸಿ ತೋರಿಸಿದ. "ನ್ಯೇಲೆ ಅತ್ತೆಯ ಕಾಲಮ್ಮು ಸರ್. ಒಣಹುಲ್ಲು ಅಂದ್ರೆ ಒಣಹುಲ್ಲು."

ನನ್ನ ಬೆನ್ನು ಒಂದು ಗೇಣು ನೆಟ್ಟಗಾಯಿತು.

ಆಮೇಲೆ ಮಾಂಸ ಅಗಿಯುತ್ತಾ ಅವನು ನನ್ನ ಪಕ್ಕ ಬಂದು ಕೂತ. "ಆ ಊರಲ್ಲೇ ಯಾಕೆ ಅತ್ತೆ? ನೀರು ಬೇರೆನಾ? ಊಟ ಬೇರೆನಾ? ಹೊಳೆ ದಂಡೆ ಅಲ್ವಾ... ಮೀನಿನಿಂದ ಇರಬಹುದಾ?"

ನಾನು ಮಾಂಸದ ತಟ್ಟೆ ಕೆಳಗಿಟ್ಟೆ. ಅವನು ಆಗಲೇ ತನ್ನ ನೋಟುಪುಸ್ತಕದಲ್ಲಿ 'ಮೀನು?' ಎಂದು ಬರೆದುಕೊಳ್ಳುತ್ತಿದ್ದ.

ಅಕ್ಟೋಬರ್ ೯, ಬುಧವಾರ

ಉಳಿದೆರಡು ಊರಿನ ಟ್ಯೂಬುಗಳು ರಟ್ಟಿನ ಜೊತೆ ಬಂದಿದ್ದವು. ಸಿರಾಬುಗುವಿನವು ಮಾತ್ರ ಐಸಿಗೆ ಮೈ ತಾಗಿಸಿಕೊಂಡು ಬಂದವು. ಐಸು ತಾಗಿದರೆ ಕೆಂಪುಕಣ ಒಡೆಯುತ್ತದೆ, ಒಡೆದರೆ ಒಳಗಿದ್ದದ್ದೆಲ್ಲ ತಿಳಿಗೆ ಸೇರುತ್ತದೆ. ಇದನ್ನು ಮಿನಾತಾಳಿಗೆ ಹೇಳಿಕೊಟ್ಟವಳು ನಾನೇ.

ಇರಲಿಕ್ಕಿಲ್ಲ.

ಅಕ್ಟೋಬರ್ ೧೩, ಭಾನುವಾರ

ಮೂರು ದಿನ ಊಟ ಸೇರಲಿಲ್ಲ. ನಿನ್ನೆ ಸಂಜೆ ಯಾಕೂಬಾ ತಾವಾಗಿ ಕೇಳಿದರು, "ಬಯ್ಯೋದು ನಿಂತೋಗಿದೆ. ಮೈಗೆ ಹುಷಾರಿಲ್ವಾ?" ಎಲ್ಲ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಇರಲಿಕ್ಕಿಲ್ಲ ಅಂತ ಮೂರು ದಿನ ಕೂತಿದ್ದೀಯಲ್ಲ, ನೋಡೇಬಿಡೋಣ" ಎಂದರು.

ಹಾಗಾಗಿ ಇವತ್ತು ಬೆಳಿಗ್ಗೆ ನನ್ನ ತೋಳಿಗೆ ನಾನೇ ಸೂಜಿ ಹಾಕಿಕೊಂಡೆ. ರಬ್ಬರು ಪಟ್ಟಿ ಬಿಗಿಯುವ ಕೆಲಸ ಯಾಕೂಬಾ ಅವರದು. ಮುಖ ಗೋಡೆ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಬಿಗಿದರು. ಮೂವತ್ತು ವರ್ಷ ಲಾರಿ ಓಡಿಸಿದ ಗಂಡಸು, ರಕ್ತ ನೋಡಿದರೆ ತಲೆ ತಿರುಗುತ್ತದೆ. ಆರು ಟ್ಯೂಬು ತೆಗೆದೆ. ಪೆಟ್ಟಿಗೆಯಲ್ಲಿ ಮೂರಕ್ಕೆ ರಟ್ಟು ಇಟ್ಟೆ, ಮೂರಕ್ಕೆ ಇಡಲಿಲ್ಲ.

"ಈಗ?"

"ಈಗ ಎರಡು ಗಂಟೆ ಸಿರಾಬುಗು ದಾರಿ ಥರ ಕುಲುಕಬೇಕು."

ಅವರ ಜಕಾರ್ತಾ ಬೈಕಿನ ಹಿಂದೆ ಪೆಟ್ಟಿಗೆ ತಬ್ಬಿಕೊಂಡು ಕೂತೆ. ಸೇತುವೆ ದಾಟಿ, ಮಾರುಕಟ್ಟೆ ಸುತ್ತಿ, ಇಟ್ಟಿಗೆ ಗೂಡಿನ ಕಡೆಯ ಕೆಂಪು ಮಣ್ಣಿನ ದಾರಿಯಲ್ಲಿ ಹೋಗಿ ಬಂದು, ಮತ್ತೆ ಹೋದೆವು. ಒಂದು ಗುಂಡಿಯನ್ನೂ ಬಿಡಲಿಲ್ಲ. ಅಂಗಡಿ ಮುಂದೆ ಕೂತವರು ಮೂರನೇ ಸಲ ಹೋದಾಗ ಎದ್ದು ನಿಂತು ಕೇಳಿದರು, "ಯಾಕೂಬಾ, ದಾರಿ ತಪ್ಪಿದ್ಯಾ?"

"ಇಲ್ಲಪ್ಪಾ, ಹೆಂಡ್ತಿಗೆ ಊರು ತೋರಿಸ್ತಿದ್ದೀನಿ."

"ಇಷ್ಟು ವರ್ಷದ ಮೇಲಾ?"

"ಈಗ ಬಿಡುವಾಯ್ತು!"

ಬೆನ್ನು ನುಗ್ಗಾಗಿದ್ದರೂ ನನಗೆ ನಗು ತಡೆಯಲಾಗಲಿಲ್ಲ. ಲ್ಯಾಬಿನ ಕಾವಲುಗಾರ ಬಾಗಿಲು ತೆಗೆದ. ಟ್ಯೂಬುಗಳನ್ನು ತಿರುಗಿಸಿದೆ. ರಟ್ಟಿದ್ದ ಮೂರು ಒಣಹುಲ್ಲು. ರಟ್ಟಿಲ್ಲದವು ಗುಲಾಬಿ, ಅದೇ ನೀರು ಬೆರೆಸಿದ ಶರಬತ್ತು. ನನಗೆ ಮಲೇರಿಯಾ ಇಲ್ಲ.

ಯಾಕೂಬಾ ಮನೆಗೆ ಕರೆತಂದರು. ರೂಢಿಯ ಮೂರು ಸುತ್ತು ಚಹಾವನ್ನೂ ಅವರೇ ಕಾಯಿಸಿ ಕೊಟ್ಟರು.

ಅಕ್ಟೋಬರ್ ೧೬, ಬುಧವಾರ

ಹೇಳಬೇಕೋ ಬೇಡವೋ ಎಂದು ಎರಡು ದಿನ ತೂಗಿದೆ. ಬಚ್ಚಿಡದೆ ಬರೆಯುತ್ತೇನೆ, ಬೇಡ ಅನ್ನುವ ಕಡೆಯೇ ತಕ್ಕಡಿ ವಾಲಿತ್ತು. ಇನ್ನು ಹತ್ತು ವಾರ ಕಳೆದರೆ ನಾನು ಮನೆಯಲ್ಲಿರುತ್ತೇನೆ. ನ್ಯೇಲೆಯ ಕೈ ತಪ್ಪಿಲ್ಲ ಎಂಬ ಮಾತು ಲ್ಯಾಬಿನಲ್ಲಿ ಉಳಿಯುತ್ತದೆ. ನನ್ನ ಹತ್ತಿರ ಇರುವುದು ಅದೊಂದೇ.

ಮಧ್ಯಾಹ್ನ ಬುರಾಮಾ ಓಡಿಬಂದ. "ಅತ್ತೆ, ಪಾಲುದಾರರು ಒಪ್ಪಿದ್ರು! ಈ ಫಲಿತಾಂಶ ಹಿಡ್ಕೊಂಡು ಹೊಳೆ ದಂಡೆಯ ಆರು ಊರು, ನಾನೂರು ಮಕ್ಕಳು. ಜನವರಿಯಲ್ಲಿ ಶುರು. ತಾಯಂದಿರ ಹತ್ತಿರ ಮಾತಾಡೋಕೆ ನೀವೇ ಬೇಕು, ನಿವೃತ್ತಿ ಆದ್ರೂ ಬಿಡಲ್ಲ."

ನಾನೂರು ಮಕ್ಕಳ ತೋಳು. ಅಷ್ಟೂ ಸೂಜಿ ನನ್ನ ಸೊಂಟಕ್ಕೆ ಚುಚ್ಚಿದ ಹಾಗಾಯಿತು. ಒಂದು ಮೀನಿಗೆ!

"ಬಾಗಿಲು ಹಾಕು" ಎಂದೆ. ನಿಂತುಕೊಂಡೇ ಹೇಳಿದೆ. ಮೀನು, ರಟ್ಟು, ಐಸು, ಗುಲಾಬಿ ಬಣ್ಣ, 'ಅದೇ, ಅದೇ' ಎಂದು ಎಳೆದ ಗೀಟು, ಬೈಕು, ನನ್ನ ಆರು ಟ್ಯೂಬು.

ಅವನ ಮುಖದ ಬಣ್ಣ ಇಳಿಯಿತು. "ಆ ಆರ್‌ಎನ್‌ಎ ಕೆಂಪುಕಣದೊಳಗೂ ಬೇಕಾದಷ್ಟಿರುತ್ತೆ" ಎಂದ, ನನಗಲ್ಲ, ಮೇಜಿಗೆ. ಆಮೇಲೆ, "ಕೆಂಪುಕಣ ಒಡೆದಿದೆಯಾ ಅಂತ ನೋಡೋ ಪರೀಕ್ಷೆ ಬೇರೆ ಇದೆ. ನಾನು ಮಾಡಲಿಲ್ಲ. ಅದಕ್ಕೆ ಹಾಕೋ ಔಷಧ ಸ್ವಲ್ಪವೇ ಇತ್ತು. ನಿಮ್ಮ ಕಾಲಮ್ಮು ಇತ್ತಲ್ಲ."

ಅಷ್ಟೇ ಹೇಳಿ ಹೊರಟುಹೋದ. ಬಯ್ಯಲಿಲ್ಲ. ಗೇಲಿಯನ್ನೂ ಮಾಡಲಿಲ್ಲ.

ಅಕ್ಟೋಬರ್ ೧೭

ಮಾತಿಲ್ಲ. ಎದುರಾದರೆ "ನಮಸ್ಕಾರ ಮೇಡಂ" ಅನ್ನುತ್ತಾನೆ. ಮೇಡಂ!

ಅಕ್ಟೋಬರ್ ೧೮

ಅಲಸಂದೆಯ ಹೆಸರು ಇವತ್ತೂ ಎತ್ತಲಿಲ್ಲ. ದಿಯಾರಾ ಒಬ್ಬ ತ್ರಾವೊರೆಯನ್ನು ಮರ್ಯಾದೆಯಿಂದ ಮಾತಾಡಿಸಿದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಮಿನಾತಾ ನನ್ನ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು ಹೋದಳು. ನಾನು ಕೇಳಿರಲಿಲ್ಲ. ಯಾಕೆ ಇಟ್ಟಳೋ, ಪಾಪ, ಒಳ್ಳೆಯ ಹುಡುಗಿ.

ಅಕ್ಟೋಬರ್ ೨೧, ಸೋಮವಾರ

ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದಾಯಿತು. ಬುರಾಮಾ ಕಾಗದದ ಪೊಟ್ಟಣ ಹಿಡಿದು ನಿಂತಿದ್ದ, ಎಣ್ಣೆ ಸೋರುತ್ತಿತ್ತು.

"ಅಲಸಂದೆ ವಡೆ. ನಿಮ್ಮ ಜಾತಿಯೋರು ಬೆಳಿಗ್ಗೆ ಇದಿಲ್ದೆ ಕಣ್ಣು ಬಿಡಲ್ಲವಂತಲ್ಲ?"

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅತ್ತೆನೆಂದು ಬರೆಯಲು ನಾಚಿಕೆ, ಆದರೆ ಅತ್ತೆ. ಯಾಕೂಬಾ ಒಳಗಿನಿಂದ ಬಂದು ನೋಡಿ, ವಡೆಯ ಪೊಟ್ಟಣ ತೆಗೆದುಕೊಂಡು ಒಳಗೆ ಹೋದರು.

ಬುರಾಮಾ ನನ್ನ ಪಕ್ಕ ಕೂತ. ನಾಲ್ಕು ದಿನ ಹಗಲೆಲ್ಲ ಆ ಇನ್ನೊಂದು ಪರೀಕ್ಷೆ ಮಾಡಿದನಂತೆ. ಕೆಂಪುಕಣದಲ್ಲಿ ತುಂಬಿ ತುಳುಕುವ ಒಂದು ಚಿಕ್ಕ ಆರ್‌ಎನ್‌ಎ ಇದೆ, ಕೆಂಪುಕಣ ಒಡೆದರೂ ಹೆಚ್ಚಾಗದ ಇನ್ನೊಂದಿದೆ. ಎರಡನ್ನೂ ಅಳೆದು ಪಕ್ಕಪಕ್ಕ ಇಟ್ಟರೆ ರಕ್ತ ಕೆಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಿರಾಬುಗುವಿನ ಮೂವತ್ತೆಂಟರಲ್ಲಿ, ಗುಲಾಬಿ ಕಣ್ಣಿಗೆ ಕಾಣದವೂ ಸೇರಿ, ಮೂವತ್ತಮೂರು ಕೆಟ್ಟಿವೆ.

"ಪಾಲುದಾರರಿಗೆ ಹೇಳಿದ್ಯಾ?"

"ನಿನ್ನೆ. ನಾನೂರು ಮಕ್ಕಳದು ನಿಲ್ಲಿಸಿದ್ದಾರೆ. ನನ್ನ ಮೂರು ವರ್ಷದ್ದು ವರದಿ ನೋಡಿ ಹೇಳ್ತಾರಂತೆ."

"ನನ್ನ ಹೆಸರು ಹೇಳಿದ್ಯಾ?"

"ನಮ್ಮ ತಪ್ಪು ಅಂದೆ. ಪರೀಕ್ಷೆ ಬಿಟ್ಟೋನು ನಾನಲ್ವಾ? ಅತ್ತೆ, ಜ್ವರದ ಕಾಲ ಮುಗಿಯೋದರೊಳಗೆ ಇನ್ನೊಂದು ಸಲ ರಕ್ತ ಬೇಕು. ಆ ಊರು ಕೊಡುತ್ತಾ?"

ಗೊತ್ತಿಲ್ಲ ಎಂದೆ. ಅದು ನಿಜ. ಬುರಾಮಾನಂಥವನನ್ನು ಹೆತ್ತ ತಾಯಿ ಯಾವ ಊರಿನಲ್ಲಿದ್ದಾಳೋ, ಅವಳಿಗೆ ಕೃತಜ್ಞತೆ.

ನವೆಂಬರ್ ೪, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಸಿರಾಬುಗುವಿನಲ್ಲಿ ಮಾವಿನ ಮರದ ಕೆಳಗೆ ತಾಯಂದಿರೆಲ್ಲ ಸೇರಿದ್ದರು. ಬುರಾಮಾ ಮಾತಾಡಲು ಎದ್ದ. ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಸಾರಾನ್ ಎಂದಿನಂತೆ ಶುರುಮಾಡಿದಳು, "ಏನೇ ಆಳೇ, ಅಲಸಂದೆ ಖಾಲಿ ಆಯ್ತು ಅಂತ ಮತ್ತೆ ಬಂದ್ಯಾ?"

ನನಗೆ ತಿರುಗಿ ಗೇಲಿ ಮಾಡಲಾಗಲಿಲ್ಲ. "ಹೋದ ಸಲ ನೀವು ಕೊಟ್ಟ ರಕ್ತ ಕೆಟ್ಟೋಯ್ತು. ನಾನೇ ಕೆಡಿಸಿದೆ. ರಕ್ತದ ಪೆಟ್ಟಿಗೆಯಲ್ಲಿ ಮೀನಿಗೆ ಜಾಗ ಮಾಡಕ್ಕೆ ಹೋಗಿ. ತಪ್ಪಾಯ್ತು" ಎಂದೆ.

ಹಿಂದಿನ ಸಾಲಿನಿಂದ ಕಾನಿ ಎಂಬ ತಾಯಿ, ಸೊಂಟದ ಮೇಲೆ ಕೂಸು, ಪಕ್ಕದಲ್ಲಿ ಆರು ವರ್ಷದ ಮಗಳು ಸಿತಾನ್, ಕೇಳಿದಳು. "ನನ್ನ ಮಗಳು ಎರಡು ದಿನ ಈ ತೋಳು ಎತ್ತಲಿಲ್ಲಮ್ಮಾ. ನಾನು ಅವಳಿಗೆ ಏನು ಹೇಳ್ಲಿ?"

ಇಪ್ಪತ್ತೊಂಬತ್ತು ವರ್ಷ ತೋಳುಗಳನ್ನು ನೋಡಿದ್ದೇನೆ, ಸೂಜಿ ತೆಗೆದ ಮೇಲೆ ಆ ತೋಳು ಏನಾಯಿತೆಂದು ಒಂದು ದಿನವೂ ಕೇಳಿಲ್ಲ. ಮತ್ತೆ ತಪ್ಪಾಯಿತೆಂದೆ.

ಸಾರಾನ್ ಎದ್ದು ನಿಂತಳು. ಸೆರಗು ಬಿಗಿದಳು. "ಎಲ್ಲಾ ಕೇಳಿಸ್ಕೊಂಡ್ರಾ? ತ್ರಾವೊರೆ ಒಬ್ಬಳು ತಪ್ಪಾಯ್ತು ಅಂದಳು. ಅದೂ ಎರಡು ಸಲ! ನಮ್ಮ ಮುತ್ತಜ್ಜ ಈ ಮಾತು ಕೇಳ್ಬೇಕು ಅಂತ ಕಾದೂ ಕಾದೂ ಸತ್ತ. ಯಾರಾದ್ರೂ ಹೋಗಿ ಗೋರಿ ಹತ್ರ ಹೇಳಿ ಬನ್ನಿ."

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಮರದ ಕೆಳಗೆ ನಗು. ಕಾನಿಯೂ ನಗು ತಡೆಯಲು ತುಟಿ ಕಚ್ಚಿಕೊಂಡಳು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು.

"ಅಲ್ಲಾ, ಈ ರಕ್ತದಲ್ಲಿ ಏನಿದೆ ಅಂತ ಇಷ್ಟು ಪರದಾಟ?" ಎಂದಳು ಸಾರಾನ್. ಬುರಾಮಾ ಹೇಳತೊಡಗಿದ. ಕಣ, ಅಪ್ಪಣೆ, ಅಕ್ಷರ. ತಾಯಂದಿರು ಆಕಳಿಸಿದರು. ನಾನು ಬಾಯಿ ಹಾಕಿದೆ. "ಜ್ವರ ಬಂದಾಗ ಮೈಯಲ್ಲಿ ಜಗಳ ಹತ್ತಿಕೊಳ್ಳುತ್ತೆ. ಜಗಳ ಬೇಕು, ಇಲ್ದಿದ್ರೆ ರೋಗ ಹೋಗಲ್ಲ. ಆದ್ರೆ ಸಾಕು ಅನ್ನೋರು ಒಬ್ರು ಬೇಕು. ಅದನ್ನ ಹುಡುಕ್ತಿದ್ದೀವಿ."

ಸಾರಾನ್ ನನ್ನನ್ನೇ ನೋಡಿದಳು. "ಅಂದ್ರೆ ಅಣ್ಣತಮ್ಮ ದೊಣ್ಣೆ ಎತ್ತಿದಾಗ ಗೇಲಿ ನಂಟಿನೋರು ನಡುವೆ ಹೋಗಿ, ಏ ಆಳುಗಳಾ, ದೊಣ್ಣೆ ಬಿಸಾಕಿ ಅಲಸಂದೆ ಬೇಯಿಸಿ ಹೋಗ್ರೋ ಅಂತಾರಲ್ಲ, ಅದಾ?"

ಬುರಾಮಾ ಬಾಯಿ ತೆರೆದವನು ಹಾಗೇ ಇದ್ದ. "ಅದೇ ಅಮ್ಮಾ. ಅದೇ."

"ಅವರಿಗೆ ದೊಣ್ಣೆ ಇರಲ್ಲ, ಜಮೀನಿರಲ್ಲ, ಆ ಮನೇಲಿ ಪಾಲೂ ಇರಲ್ಲ. ಬಾಯಿ ಮಾತೊಂದೇ. ಆದ್ರೂ ಜಗಳ ನಿಲ್ಲುತ್ತೆ. ಇದನ್ನ ಹುಡುಕಕ್ಕೆ ಡಕಾರಿಗೆ ಹೋಗಿದ್ಯಾ ಮಗನೇ? ನನ್ನ ಕೇಳಿದ್ರೆ ಆಗ್ತಿತ್ತು."

ಆಮೇಲೆ ಅವಳು ತೀರ್ಪು ಕೊಟ್ಟಳು. ನನಗೆ ಹತ್ತು ಕೋಲಾ ಕಾಯಿ ದಂಡ, ಹಿರಿಯರು ಅಗಿಯುವ ಕಾಯಿ. "ಕೇಳಿದ್ದನ್ನ ಇಲ್ಲ ಅನ್ನೋದು ನನಗೆ ಕಷ್ಟ, ನಾನು ದಿಯಾರಾ. ಇವರಿಗೆಲ್ಲ ಆ ಕಟ್ಟಿಲ್ಲ. ಕೊಡೋರು ಕೊಡಿ, ಬೇಡ ಅನ್ನೋರು ಮನೆಗೆ ಹೋಗಿ, ಯಾರೂ ಯಾರ ಮುಖಾನೂ ನೋಡಬೇಡಿ."

ಏಳು ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋದರು. ಅವರಿಗೂ ಕೈಮುಗಿದೆ, ಬಂದಿದ್ದಕ್ಕೆ, ಕೇಳಿಸಿಕೊಂಡಿದ್ದಕ್ಕೆ. ಮೂವತ್ತೊಂದು ಮಕ್ಕಳು ಉಳಿದರು. ಕಡೆಯಲ್ಲಿ ಕಾನಿ ಬಂದಳು. ಸಿತಾನಳನ್ನು ನನ್ನ ಮುಂದೆ ಕೂರಿಸಿ ಹೇಳಿದಳು, "ಆ ತೋಳು ಬೇಡ. ಈ ತೋಳಲ್ಲಿ ತಗೊಳ್ಳಿ."

ಮೊಟ್ಟಮೊದಲ ಸಲ, ಒಂದು ನಿಮಿಷ ಸೂಜಿ ಕೆಳಗಿಟ್ಟು ಹುಡುಗಿಯ ಹತ್ತಿರ ಮಾತಾಡಿದೆ. ಅವಳ ಮೇಕೆಯ ಹೆಸರು ಮಂತ್ರಿ ಅಂತೆ.

ಹೊರಡುವಾಗ ಸಾರಾನ್ ಒಂದು ಬುಟ್ಟಿ ನೆಲಗಡಲೆ ತಂದಳು. "ಇದಕ್ಕೆ ಐಸು ಬೇಡ. ಮೂರನೇ ಸಲ ರಕ್ತ ಅಂತ ಬಂದ್ರೆ ನಿನ್ನನ್ನೇ ಹೊಳೆಗೆ ಹಾಕ್ತೀನಿ."

ನವೆಂಬರ್ ೫, ಮಂಗಳವಾರ

ಮೂವತ್ತೊಂದು ಟ್ಯೂಬು, ಮೂವತ್ತೊಂದು ಸಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೂವತ್ತೊಂದು ಸಲ ಬರೆದೆ. ಇಪ್ಪತ್ತೊಂಬತ್ತು ಒಣಹುಲ್ಲು, ಎರಡು ಚೂರು ಗುಲಾಬಿ. ಗುಲಾಬಿ ಎಂದೇ ಬರೆದೆ. ಮಿನಾತಾಳಿಗೂ ತೋರಿಸಿದೆ, ಅವಳ ಕಣ್ಣು ನನ್ನದಕ್ಕಿಂತ ಚುರುಕು. ಮೂರನೆಯದೊಂದನ್ನು ಅನುಮಾನವೆಂದು ಅವಳೇ ಹಿಡಿದಳು. ಅದನ್ನೂ ಬರೆದೆ.

ಅವಸರದಲ್ಲಿ ಅವಳು ಪರೀಕ್ಷೆಯ ಔಷಧದ ಒಂದು ಸೀಸೆ ಬೀಳಿಸಿ ಒಡೆದಳು. ಗಾಜು ನಾನು ಗುಡಿಸಿದೆ. ಇಬ್ಬರೂ ನೆಲಗಡಲೆ ತಿಂದೆವು.

ನವೆಂಬರ್ ೧೮, ಸೋಮವಾರ

ಹತ್ತು ಪಟ್ಟು ಇಲ್ಲ. ಐದೂ ಇಲ್ಲ. ಸಿರಾಬುಗುವಿನ ಮಕ್ಕಳೂ ಉಳಿದೆರಡು ಊರಿನ ಮಕ್ಕಳ ಹಾಗೆಯೇ. ಮೂರೂ ಊರು ಸೇರಿಸಿ ನೋಡಿದರೆ, ಜ್ವರವಿಲ್ಲದೆ ರೋಗಾಣು ಹೊತ್ತ ಮಕ್ಕಳಲ್ಲಿ ಬೇರೊಂದು ಚಿಕ್ಕ ಆರ್‌ಎನ್‌ಎ ಒಂದೂವರೆ ಪಟ್ಟು ಇರುವ ಹಾಗೆ ಕಾಣುತ್ತದಂತೆ. ಅದೂ ಇರಬಹುದು, ಇಲ್ಲದೆಯೂ ಇರಬಹುದು.

ಬುರಾಮಾ ಅಂಕಿಗಳನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ಓದಿದ. ನಾನು ಅವನ ಪಕ್ಕ ಕೂತೆ. ಆಮೇಲೆ ಅವನು ಎದ್ದು, ಹಿರಿಯರ ಮುಂದೆ ಬಗ್ಗುವ ಹಾಗೆ ಬಗ್ಗಿ, "ಕೆಲಸಕ್ಕೆ ಧನ್ಯವಾದ ಅತ್ತೆ" ಎಂದ. ಇಲ್ಲಿ ದುಡಿಯುವವರನ್ನು ಕಂಡಾಗಲೆಲ್ಲ ಎಲ್ಲರೂ ಹೇಳುವ ಮಾತು ಅದು, ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ. ಇವತ್ತು ಕೇಳಿಸಿತು.

ನವೆಂಬರ್ ೨೯, ಶುಕ್ರವಾರ

ವರದಿ ಹೋಯಿತು. ಪಾಲುದಾರರು ಮೂರು ವರ್ಷದ ಬದಲು ಒಂದು ವರ್ಷ ಕೊಟ್ಟಿದ್ದಾರೆ. ಸಾಲದು ಎಂದೆ. "ಕೆಟ್ಟ ಅಂಕಿ ಮೇಲೆ ಮೂರು ವರ್ಷ ಓಡೋದಕ್ಕಿಂತ ಒಳ್ಳೇ ಅಂಕಿ ಮೇಲೆ ಒಂದು ವರ್ಷ ನಡೆಯೋದು ವಾಸಿ" ಎಂದ ಬುರಾಮಾ. ಧೈರ್ಯಕ್ಕೆ ಹೇಳಿದನೋ ಏನೋ, ಆದರೂ ಹೇಳಿದ.

ಮಧ್ಯಾಹ್ನ ಅವನು ಇನ್ನೊಂದು ಕಾಗದ ತಂದ. ಐಸು ತಾಗಿದ ರಕ್ತ ಚಿಕ್ಕ ಆರ್‌ಎನ್‌ಎಗಳ ಅಳತೆಯನ್ನು ಹೇಗೆ ಕೆಡಿಸುತ್ತದೆ ಎಂಬ ಚಿಕ್ಕ ಲೇಖನ. ನನ್ನ ಆರು ಟ್ಯೂಬಿನ ಪರೀಕ್ಷೆಯನ್ನು ಅವನೂ ಮಿನಾತಾಳೂ ಇಪ್ಪತ್ತು ಜನರ ರಕ್ತದಲ್ಲಿ ಮತ್ತೆ ಮಾಡಿ ನೋಡಿದ್ದಾರೆ. ಬೇರೆ ಊರುಗಳ ಲ್ಯಾಬಿನವರು ಇದೇ ಹಳ್ಳಕ್ಕೆ ಬೀಳದಿರಲೆಂದು ಪ್ರಕಟಿಸುತ್ತಾನಂತೆ.

"ಅತ್ತೆ, ಬರೆದವರ ಹೆಸರಲ್ಲಿ ಮೊದಲು ನಿಮ್ಮದು ಇಡಬೇಕು ಅಂತಿದ್ದೀನಿ. ಬೇಡ ಅಂದ್ರೆ ಬೇಡ. ತಪ್ಪು ಯಾರದು ಅಂತ ಎಲ್ಲರಿಗೂ ಗೊತ್ತಾಗುತ್ತೆ."

ಇಷ್ಟು ವರ್ಷದಲ್ಲಿ ಈ ಲ್ಯಾಬಿನಿಂದ ಹೊರಬಿದ್ದ ಎಷ್ಟೋ ಲೇಖನಗಳ ಕೊನೆಯಲ್ಲಿ, ಸಣ್ಣ ಅಕ್ಷರದ ಕೃತಜ್ಞತೆಯ ಸಾಲಿನಲ್ಲಿ, ನನ್ನ ಹೆಸರು ಬಂದಿದೆ. ಮೇಲೆ ಒಂದು ಸಲವೂ ಬಂದಿಲ್ಲ. "ಹಾಕು. ತಪ್ಪು ಮಾಡಿದವಳೇ ಹೇಳದಿದ್ರೆ ಓದೋರು ಯಾಕೆ ನಂಬ್ತಾರೆ?" ಎಂದೆ.

"ಹಾಗಾದ್ರೆ ಕೃತಜ್ಞತೆ ಸಾಲು ನೀವೇ ಬರೀರಿ. ಬರೆದವರು ಬರೀಬೇಕಾದ್ದು ಅದು."

ಕೂತೆ. ಯಾಕೂಬಾ ಅವರ ಹೆಸರು ಬರೆದೆ, ಬೈಕಿಗಾಗಿ. ಮಿನಾತಾಳ ಕಣ್ಣುಗಳ ಬಗ್ಗೆ ಬರೆದೆ, ಬುರಾಮಾ ಅದನ್ನು ಹೊಡೆದು ಅವಳ ಹೆಸರನ್ನು ಮೇಲೆ ನನ್ನ ಪಕ್ಕದಲ್ಲಿ ಬರೆದ. ಆಮೇಲೆ ಸಿರಾಬುಗು. ಅಲ್ಲಿ ಪೆನ್ನು ನಿಂತಿತು. ಮೊದಲ ಸಲ ಮಗುವಿನ ತೋಳು ಮುಂದೆ ಮಾಡಿದ್ದು ನಂಬಿಕೆಯಿಂದ. ಆ ರಕ್ತವನ್ನು ನಾವು ಹಾಳುಮಾಡಿದೆವೆಂದು ನಮ್ಮ ಬಾಯಿಂದಲೇ ಕೇಳಿದ ಮೇಲೂ ಇನ್ನೊಂದು ತೋಳು ಮುಂದೆ ಮಾಡಿದರಲ್ಲ, ಅದನ್ನು ಏನೆಂದು ಕರೆಯಬೇಕು? ಬುರಾಮಾನನ್ನು ಕೇಳಿದೆ. ಅವನು ಫ್ರೆಂಚಿನಲ್ಲಿ ಹುಡುಕಿದ, ನಮ್ಮ ಮಾತಿನಲ್ಲಿ ಹುಡುಕಿದ, ಇಬ್ಬರಿಗೂ ಸಿಗಲಿಲ್ಲ. ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಸಿರಾಬುಗುವಿನ ತಾಯಂದಿರಿಗೆ, ಎರಡನೇ ಸಲವೂ ಕೊಟ್ಟಿದ್ದಕ್ಕೆ.